ತಲೆಗೆ ಎಷ್ಟು ಕೊಡ ನೀರು?

ಸೇದುವ ಬಾವಿಯ ಕಾಲದಲ್ಲಿ ಮನೆಯ ನೀರಿಗೆ ಯಾರೂ ಲೆಕ್ಕ ಬರೆದಿಡುತ್ತಿರಲಿಲ್ಲ. ಬಾವಿಯ ಒರತೆ, ಸೇದುವವರ ರಟ್ಟೆಯ ಬಲ ಇವೆರಡೇ ಅಳತೆ. ಕೊಳಾಯಿ ಬಂದ ಮೇಲೆ ಈ ಸ್ಥಿತಿ ಬದಲಾಯಿತು. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಹರಿದಂಥ ನೀರಾಗಲಿ, 1974ರಲ್ಲಿ ಬಂದ ಕಾವೇರಿಯಾಗಲಿ, ಕೊಳವೆ ಹೂಳುವ ಮೊದಲೇ ಬೇಕಾಗುವ ನೀರಿನ ಮೊತ್ತ ಗೊತ್ತಿರಬೇಕು.

ಲೆಕ್ಕದ ಕ್ರಮ ಸರಳ. ಹಿಂದಿನ ಜನಗಣತಿಗಳನ್ನು ನೋಡಿ ಸುಮಾರು 30 ವರ್ಷಗಳ ಮುಂದಿನ ಜನಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಅದನ್ನು ತಲಾ ಪ್ರಮಾಣದಿಂದ ಗುಣಿಸಿ, ಸೋರಿಕೆಯನ್ನು ಸೇರಿಸುತ್ತಾರೆ. ಒಂದು ಲಕ್ಷ ಜನರಿಗೆ ತಲಾ 135 ಲೀಟರಿನಂತೆ ದಿನಕ್ಕೆ 1 ಕೋಟಿ 35 ಲಕ್ಷ ಲೀಟರ್ ಬೇಕು. ದಾರಿಯಲ್ಲಿ ಶೇಕಡ 15 ಸೋರುವುದಾದರೆ ಮೂಲದಿಂದ ಸುಮಾರು 1 ಕೋಟಿ 59 ಲಕ್ಷ ಲೀಟರ್ ಎತ್ತಬೇಕು.

ಆದರೆ ಈ ತಲಾ ಪ್ರಮಾಣ ಬಂದದ್ದೆಲ್ಲಿಂದ? ಅದೊಂದು ಮನೆವಾರ್ತೆಯ ಪಟ್ಟಿ. ಒಳಚರಂಡಿಯಿರುವ ಪಟ್ಟಣದ 135 ಲೀಟರಿನಲ್ಲಿ ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆಗೆ 20, ಮನೆ ತೊಳೆಯಲು 10, ಪಾತ್ರೆಗೆ 10, ಅಡುಗೆಗೆ 5, ಕುಡಿಯಲು 5.

ಹಳ್ಳಿಯ ಪಟ್ಟಿಯೇ ಬೇರೆ. 1972ರಲ್ಲಿ ಆರಂಭವಾದ ವೇಗವರ್ಧಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮ ಅನುಸರಿಸುತ್ತ ಬಂದ ಪ್ರಮಾಣ 40 ಲೀಟರ್: ಸ್ನಾನಕ್ಕೆ 15, ಶೌಚಕ್ಕೆ 10, ಪಾತ್ರೆ ಮತ್ತು ಮನೆಗೆ 7, ಅಡುಗೆಗೆ 5, ಕುಡಿಯಲು 3. ಗಮನಿಸಿ, ಇಲ್ಲಿ ಬಟ್ಟೆ ಒಗೆಯುವ ನೀರಿಗೆ ಸಾಲೇ ಇಲ್ಲ. ಅದನ್ನು ಕೆರೆಗೋ ಹಳ್ಳಕ್ಕೋ ಬಿಟ್ಟಂತಾಯಿತು. ಕೆರೆ ಬತ್ತಿದ ಊರಿನ ಹೆಂಗಸರು ಏನು ಮಾಡಬೇಕೆಂಬುದು ಲೆಕ್ಕಕ್ಕೆ ಬರಲಿಲ್ಲ.

ಆ 40 ಲೀಟರಾದರೂ ಸುಲಭವಾಗಿ ಸಿಗುತ್ತಿತ್ತೇ? 250 ಮಂದಿಗೆ ಒಂದು ಕೈಪಂಪು ಎಂಬುದು ನಿಯಮ. ಅಂದರೆ ದಿನಕ್ಕೆ 10,000 ಲೀಟರ್. ನಿಮಿಷಕ್ಕೆ 12 ಲೀಟರ್ ಬಂತೆಂದುಕೊಂಡರೂ ಸುಮಾರು 14 ಗಂಟೆ ಬಿಡುವಿಲ್ಲದೆ ಒತ್ತಬೇಕು! ಕಾಗದದ ಮೇಲೆ ಎಲ್ಲರಿಗೂ ನೀರು ದೊರೆಯಿತು. ಪಂಪಿನ ಮುಂದಿನ ಕೊಡಗಳ ಸಾಲು ಮಾತ್ರ ಬೆಳೆಯಿತು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಪ್ರಮಾಣವನ್ನು 55 ಲೀಟರೆಂದು ಇಟ್ಟುಕೊಂಡು, ನೀರು ಮನೆಯ ನಲ್ಲಿಗೇ ಬರಬೇಕೆಂದಿತು. ಇದು ದೊಡ್ಡ ಹೆಜ್ಜೆಯೇ. ಆದರೂ ತಲಾ ಪ್ರಮಾಣವೆಂಬುದು ಭಾಗಾಕಾರದ ಫಲ. ಒಬ್ಬರಿಗೆ 200, ಇನ್ನೊಬ್ಬರಿಗೆ 70 ಲೀಟರ್ ಸಿಕ್ಕರೂ ಸರಾಸರಿ 135. ಊರಿಗೆ ಎಷ್ಟು ನೀರು ಬಂತೆಂದು ಕೇಳಿದರೆ ಸಾಲದು. ಕೊನೆಯ ಮನೆಯ ನಲ್ಲಿಗೆ ಎಷ್ಟು ಬಂತೆಂದೂ ಕೇಳಬೇಕು.