ಬಾಗಿಲಲ್ಲಿ ಎರಡು ಪ್ರಶ್ನೆ

ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ವಿಯೆನ್ನಾ ನಗರದಲ್ಲಿ ಜರಡಿ ಹೆಣೆದು ಜೀವಿಸುತ್ತಿದ್ದ ಯೋಸೆಫ್ ರೈಸಿಂಗರ್ ಎಂಬ ಅಂಧನೊಬ್ಬನು ಸ್ಪಿಟ್ಸ್ ಜಾತಿಯ ನಾಯಿಯೊಂದನ್ನು ತಾನೇ ಪಳಗಿಸಿಕೊಂಡು, ಅದರ ಸಹಾಯದಿಂದ ಬೀದಿಗಳಲ್ಲಿ ಎಷ್ಟು ನಿರಾಯಾಸವಾಗಿ ಓಡಾಡುತ್ತಿದ್ದನೆಂದರೆ, ಇವನಿಗೆ ಕಣ್ಣಿಲ್ಲವೆಂಬುದು ನಿಜವೇ ಎಂದು ಊರಿನವರು ಅನೇಕ ವೇಳೆ ಶಂಕಿಸಿದರೆಂದು 1788ರ ಸುಮಾರಿನ ವೃತ್ತಾಂತವೊಂದು ಹೇಳುತ್ತದೆ. ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಹರ್ಕ್ಯುಲೇನಿಯಂ ಪಟ್ಟಣದ ಗೋಡೆಯೊಂದರ ಮೇಲೆ ಅಂಧನನ್ನು ನಾಯಿ ಕರೆದೊಯ್ಯುತ್ತಿರುವಂತೆ ತೋರುವ ಚಿತ್ರ ಉಂಟಾದುದರಿಂದ ಈ ಸಖ್ಯ ಬಹು ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ಉಳಿದುಬಂದ ಮೊದಮೊದಲ ಅಂಧರಲ್ಲಿ ರೈಸಿಂಗರನು ಒಬ್ಬನು, ಮತ್ತು ಅವನ ಹೆಸರಿನ ಜೊತೆಯಲ್ಲಿಯೇ ‘ಇದು ಸೋಗು’ ಎಂಬ ಗುಮಾನಿಯೂ ಉಳಿದುಬಂದಿದೆ. ಸೇವಾಪ್ರಾಣಿಗಳ ವಿಷಯವಾಗಿ ಮುಂದಿನ ಎರಡು ಶತಮಾನಗಳಲ್ಲಿ ಬೆಳೆದ ಕಾನೂನಿನ ತೊಡಕೆಲ್ಲ ಆ ಗುಮಾನಿಯಲ್ಲಿಯೇ ಬೀಜರೂಪವಾಗಿ ಅಡಗಿತ್ತೆಂದು ನನಗೆ ತೋರುತ್ತದೆ. ಅಂಧನು ಎಡವಿದರೆ ಕನಿಕರ, ಎಡವದೆ ನಡೆದರೆ ಅನುಮಾನ. ಕಣ್ಣುಳ್ಳವರ ನ್ಯಾಯ ಬಹುಕಾಲ ಹೀಗೆಯೇ ನಡೆಯಿತು.

ಅದೇ ವಿಯೆನ್ನಾದಲ್ಲಿ ಅಂಧರ ವಿದ್ಯಾಲಯವನ್ನು ಸ್ಥಾಪಿಸಿದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ ಎಂಬಾತನು 1819ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಾರ್ಗದರ್ಶಿ ನಾಯಿಯ ಉಪಯೋಗವನ್ನು ಕುರಿತು ಬರೆದನಾದರೂ, ಆ ಮಾತು ಪುಸ್ತಕದಲ್ಲಿಯೇ ಉಳಿಯಿತು. ಅದು ಬೀದಿಗಿಳಿಯಲು ಮಹಾಯುದ್ಧವೊಂದು ಬೇಕಾಯಿತು. ರಣರಂಗದ ಸಿಡಿಗುಂಡಿಗೂ ವಿಷವಾಯುವಿಗೂ ಸಿಕ್ಕಿ ಕಣ್ಣು ಕಳೆದುಕೊಂಡ ತರುಣ ಸೈನಿಕರು ಜರ್ಮನಿಯ ಆಸ್ಪತ್ರೆಗಳಲ್ಲಿ ತುಂಬಿಹೋದಾಗ, ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯನು 1916ರ ಆಗಸ್ಟ್ ತಿಂಗಳಲ್ಲಿ ಓಲ್ಡೆನ್‌ಬರ್ಗ್ ಪಟ್ಟಣದಲ್ಲಿ ಅವರಿಗಾಗಿ ನಾಯಿಗಳನ್ನು ತರಬೇತುಗೊಳಿಸುವ ಶಾಲೆಯೊಂದನ್ನು ತೆರೆದನು. ರೋಗಿಯೊಬ್ಬನನ್ನು ತನ್ನ ನಾಯಿಯ ಬಳಿ ಬಿಟ್ಟು ಕ್ಷಣಕಾಲ ಆಚೆ ಹೋಗಿದ್ದ ವೈದ್ಯನು ಹಿಂದಿರುಗಿದಾಗ ನಾಯಿಯು ಆ ರೋಗಿಯನ್ನು ಕಾಯುತ್ತಿದ್ದ ಪರಿಯನ್ನು ಕಂಡು ಈ ಯೋಚನೆ ಅವನಿಗೆ ಹೊಳೆಯಿತೆಂದು ಒಂದು ಐತಿಹ್ಯವಿದೆ. ಇಂಥ ಐತಿಹ್ಯಗಳಿಲ್ಲದೆ ಯಾವ ಸಂಸ್ಥೆಯೂ ಹುಟ್ಟುವಂತಿಲ್ಲವಷ್ಟೆ. 1923ರಲ್ಲಿ ಬರ್ಲಿನ್ನಿನ ಸಮೀಪದ ಪಾಟ್ಸ್‌ಡಾಮಿನಲ್ಲಿ ಇನ್ನೊಂದು ಶಾಲೆ ಏರ್ಪಟ್ಟಿತು.

ಆ ಪಾಟ್ಸ್‌ಡಾಮ್ ಶಾಲೆಯನ್ನು ನೋಡಿಬಂದವರಲ್ಲಿ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆಯೊಬ್ಬರಿದ್ದರು. ಸ್ವಿಟ್ಜರ್ಲೆಂಡಿನ ಬೆಟ್ಟವೊಂದರ ಮೇಲೆ ನೆಲೆಸಿ, ಪೊಲೀಸರಿಗೂ ಸೈನ್ಯಕ್ಕೂ ಬೇಕಾಗುವ ಜರ್ಮನ್ ಷೆಫರ್ಡ್ ನಾಯಿಗಳನ್ನು ಸಾಕಿ ಬೆಳೆಸುತ್ತಿದ್ದ ಆಕೆ, ತಾವು ಕಂಡುದನ್ನು 1927ರ ನವೆಂಬರ್ 5ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬರೆದರು. ಟೆನೆಸೀ ಪ್ರಾಂತದ ನ್ಯಾಶ್‌ವಿಲ್ ಪಟ್ಟಣದಲ್ಲಿ ಹತ್ತೊಂಬತ್ತು ವರ್ಷದ ಮಗನಿಗೆ ತಂದೆಯೊಬ್ಬರು ಆ ಲೇಖನವನ್ನು ಓದಿ ಹೇಳಿದರು. ಆ ಮಗ ಮಾರಿಸ್ ಫ್ರ್ಯಾಂಕ್. ಬಾಲ್ಯದ ಅಪಘಾತದಲ್ಲಿ ಒಂದು ಕಣ್ಣನ್ನೂ ಹದಿನಾರನೆಯ ವಯಸ್ಸಿನಲ್ಲಿ ಮುಷ್ಟಿಯುದ್ಧದ ಪೆಟ್ಟಿನಿಂದ ಇನ್ನೊಂದನ್ನೂ ಕಳೆದುಕೊಂಡಿದ್ದ ಆತನು, ತನಗೊಂದು ನಾಯಿಯನ್ನು ಕೊಡಬೇಕೆಂದೂ, ಕೊಟ್ಟರೆ ತನ್ನಂಥವರಿಗೆಲ್ಲ ಈ ವಿದ್ಯೆಯನ್ನು ಸ್ವದೇಶದಲ್ಲಿ ಹರಡುವೆನೆಂದೂ ಆಕೆಗೆ ಕಾಗದ ಬರೆದನು. ಮರುವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ, ‘ಕಿಸ್’ ಎಂಬ ಹೆಸರಿನ ಹೆಣ್ಣು ನಾಯಿಯೊಡನೆ ನಡೆಯುವುದನ್ನು ಕಲಿತನು. ನಡುಬೀದಿಯಲ್ಲಿ ‘ಮುತ್ತು, ಬಾ’ ಎಂದು ಕೂಗಲು ನಾಚಿ ಅದಕ್ಕೆ ‘ಬಡ್ಡಿ’ ಎಂದು ಹೊಸ ಹೆಸರಿಟ್ಟನು.

1928ರ ಜೂನ್ ತಿಂಗಳಲ್ಲಿ ಬಡ್ಡಿಯೊಡನೆ ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಇಳಿದ ಫ್ರ್ಯಾಂಕನನ್ನು ಪತ್ರಿಕೆಯವರು ಸುತ್ತುವರಿದು, ಎದುರಿಗಿದ್ದ ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸುವಂತೆ ಸವಾಲು ಹಾಕಿದರು. ರೇವಿನ ಸರಕನ್ನು ಹೊತ್ತ ಲಾರಿಗಳೂ ಟ್ಯಾಕ್ಸಿಗಳೂ ಎಡೆಬಿಡದೆ ಹರಿಯುತ್ತಿದ್ದ ಆ ಅಗಲವಾದ ಬೀದಿ ಎಂಥದೆಂಬುದು ಅವನಿಗೆ ತಿಳಿಯದು, ತಿಳಿಯದೆಯೇ ಒಪ್ಪಿಕೊಂಡನು. ಎಡಗೈಯಲ್ಲಿ ನಾಯಿಯ ಹೆಗಲಿನಿಂದ ಮೇಲೆದ್ದ ಬಾಗದ ಹಿಡಿ. ಕಿವಿಯ ತುಂಬ ಹಾರನ್ನುಗಳ ಗದ್ದಲ. ನಾಯಿ ನಾಲ್ಕು ಹೆಜ್ಜೆ ಮುಂದಿಡುವುದು, ನಿಲ್ಲುವುದು, ಹಿಂದಕ್ಕೆ ಸರಿಯುವುದು, ಮತ್ತೆ ಮುಂದಿಡುವುದು. ಅದು ಏಕೆ ನಿಂತಿತು, ಏಕೆ ಹೊರಟಿತು ಎಂಬುದನ್ನು ಆ ಹಿಡಿಯ ಮೂಲಕ ಕೈಗೆ ಬಂದ ಅಲುಗಾಟದಿಂದಲ್ಲದೆ ಬೇರೆ ರೀತಿಯಿಂದ ಅರಿಯುವಂತಿರಲಿಲ್ಲ. ದಿಕ್ಕಿನ ಪರಿವೆಯೆಲ್ಲ ತಪ್ಪಿ, ತನ್ನನ್ನು ಸಂಪೂರ್ಣವಾಗಿ ನಾಯಿಗೆ ಒಪ್ಪಿಸಿಬಿಟ್ಟೆನೆಂದು ಅವನು ಆಮೇಲೆ ಹೇಳಿಕೊಂಡನು. ಆಚೆಯ ದಡವನ್ನು ಮುಟ್ಟಿದವನು ಯೂಸ್ಟಿಸರಿಗೆ ಒಂದೇ ಶಬ್ದದ ತಂತಿಯನ್ನು ಕಳುಹಿಸಿದನು: ‘ಜಯ’. 1929ರ ಜನವರಿ 29ರಂದು ನ್ಯಾಶ್‌ವಿಲ್ಲಿನಲ್ಲಿ ‘ದಿ ಸೀಯಿಂಗ್ ಐ’ ಎಂಬ ಶಾಲೆ ಸ್ಥಾಪಿತವಾಗಿ, ಕೆಲವು ವರ್ಷಗಳಲ್ಲಿ ನ್ಯೂಜೆರ್ಸಿಗೆ ಸ್ಥಳಾಂತರಗೊಂಡಿತು. ಅಲ್ಲಿ ಮೊದಲ ನಾಯಿಗೆ 150 ಡಾಲರು, ಮುಂದಿನವಕ್ಕೆ 50 ಡಾಲರು ಶುಲ್ಕವೆಂದು ಗೊತ್ತುಮಾಡಿದರು. ನಾಯಿಯ ನಿಜವಾದ ವೆಚ್ಚದ ಮುಂದೆ ಅದು ಅತ್ಯಲ್ಪ; ಆದರೆ ಪಡೆದವನು ತಾನು ಭಿಕ್ಷೆಯನ್ನು ಸ್ವೀಕರಿಸಿದೆನೆಂದು ತಲೆ ತಗ್ಗಿಸಬೇಕಾಗಿರಲಿಲ್ಲ.

ಬೀದಿಯನ್ನು ದಾಟಿದ ಬಡ್ಡಿಗೆ ಬಾಗಿಲನ್ನು ದಾಟುವುದು ಅದಕ್ಕಿಂತ ಕಠಿಣವಾಯಿತು. ರೈಲಿನವರು ನಾಯಿಯನ್ನು ಸಾಮಾನಿನ ಡಬ್ಬಿಗೆ ಹಾಕೆಂದರು. ಹೋಟೆಲಿನವರು ಹೊರಗೆ ಕಟ್ಟೆಂದರು. ವಿಮೆಯ ವ್ಯಾಪಾರದಿಂದ ಮಾತಿನ ಚಾತುರ್ಯವನ್ನು ಕಲಿತಿದ್ದ ಫ್ರ್ಯಾಂಕನು ಊರೂರು ತಿರುಗಿ ಒಬ್ಬೊಬ್ಬ ಅಧಿಕಾರಿಯನ್ನೂ ಒಪ್ಪಿಸಬೇಕಾಯಿತು. 1935ರ ವೇಳೆಗೆ ಆ ದೇಶದ ರೈಲು ಸಂಸ್ಥೆಗಳೆಲ್ಲ ಮಾರ್ಗದರ್ಶಿ ನಾಯಿಯನ್ನು ಯಜಮಾನನ ಕಾಲಬಳಿಯಲ್ಲಿಯೇ ಇರಗೊಡಲು ಸಮ್ಮತಿಸಿದವು. 1956ರ ವೇಳೆಗೆ ಪ್ರತಿಯೊಂದು ರಾಜ್ಯವೂ ಇಂಥ ನಾಯಿಗೆ ಸಾರ್ವಜನಿಕ ಸ್ಥಳಗಳಲ್ಲಿ ಪ್ರವೇಶ ಕೊಡುವ ಶಾಸನವನ್ನು ಮಾಡಿತ್ತು. ಬಡ್ಡಿ ಅಷ್ಟು ದಿನ ಬದುಕಲಿಲ್ಲ. ಅದು 1938ರಲ್ಲಿಯೇ ತೀರಿಕೊಂಡಿತು. ಫ್ರ್ಯಾಂಕನು ತನ್ನ ಮುಂದಿನ ನಾಯಿಗಳಿಗೆಲ್ಲ ಅದೇ ಹೆಸರನ್ನಿಟ್ಟನು.

ನಾಯಿಯೊಡನೆ ಬಂದವನನ್ನು ಬಾಗಿಲಲ್ಲಿ ತಡೆಯುವ ಪ್ರಸಂಗ ನಮಗೆ ಅಪರಿಚಿತವಲ್ಲ. ಸ್ವರ್ಗದ್ವಾರದಲ್ಲಿ ಇಂದ್ರನು ಧರ್ಮರಾಯನಿಗೆ ಹೇಳಿದುದೂ, ನಾಯಿಯನ್ನುಳ್ಳವರಿಗೆ ಇಲ್ಲಿ ಎಡೆಯಿಲ್ಲವೆಂದೇ. ಆದರೆ ಆ ಕಥೆಯಲ್ಲಿ ವೇಷ ಹಾಕಿದ್ದುದು ನಾಯಿಯೇ ಹೊರತು ಯಜಮಾನನಲ್ಲ. ಯಮಧರ್ಮನು ನಾಯಿಯಾಗಿ ಬಂದಿದ್ದನು. ಅಮೆರಿಕದ ಶಾಸಕರಿಗೆ ಎದುರಾದ ಸೋಗು ಇದಕ್ಕೆ ತದ್ವಿರುದ್ಧವಾದುದು.

ಪ್ರವೇಶ ಕೊಡುವ ಶಾಸನಗಳಿಗೆ ಆಮೇಲೆ ತಾತ್ತ್ವಿಕವಾದ ನೆಲಗಟ್ಟನ್ನು ಹಾಕಿದವರು ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಜೇಕಬಸ್ ಟೆನ್‌ಬ್ರುಕ್. ಸ್ವತಃ ಅಂಧರೂ ನ್ಯಾಯಶಾಸ್ತ್ರದಲ್ಲಿ ನಿಷ್ಣಾತರೂ ಆಗಿದ್ದ ಅವರು, 1966ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ, ಅಂಗವಿಕಲನಿಗೂ ಲೋಕದೊಳಗೆ ಬಾಳುವ ಹಕ್ಕುಂಟೆಂದೂ, ಬೀದಿಯನ್ನೂ ಅಂಗಡಿಯನ್ನೂ ವಾಹನವನ್ನೂ ಉಪಯೋಗಿಸುವುದಕ್ಕೆ ಅವನು ಯಾರ ದಯೆಯನ್ನೂ ಬೇಡಬೇಕಾಗಿಲ್ಲವೆಂದೂ ವಾದಿಸಿದರು. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಅಂಕಿತ ಹಾಕಿದ ಅಂಗವಿಕಲರ ಕಾಯಿದೆಯಲ್ಲಿ ಈ ವಾದ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಾಯಿತು. ಅದರ ಕೆಳಗೆ ರಚಿತವಾದ ನಿಯಮಗಳು ಹೇಳುವುದಿಷ್ಟು: ಅಂಗವೈಕಲ್ಯವುಳ್ಳವನಿಗಾಗಿ ನಿರ್ದಿಷ್ಟವಾದ ಕೆಲಸವನ್ನು ಮಾಡಲು ಪ್ರತ್ಯೇಕವಾಗಿ ತರಬೇತಾದ ಪ್ರಾಣಿಯೇ ಸೇವಾಪ್ರಾಣಿ. ಅದರ ಸೇವೆ ಕಣ್ಣಿಗೆ ಕಾಣುವಂತಿಲ್ಲದಿದ್ದರೆ, ಈ ನಾಯಿ ನಿಮ್ಮ ಅಂಗವೈಕಲ್ಯದ ನಿಮಿತ್ತ ಬೇಕಾದುದೇ ಎಂದೂ, ಯಾವ ಕೆಲಸಕ್ಕೆ ಇದನ್ನು ಪಳಗಿಸಿದೆ ಎಂದೂ, ಎರಡೇ ಎರಡು ಪ್ರಶ್ನೆಗಳನ್ನು ಬಾಗಿಲಿನವನು ಕೇಳಬಹುದು. ಗುರುತಿನ ಚೀಟಿಯನ್ನಾಗಲಿ ಪ್ರಮಾಣಪತ್ರವನ್ನಾಗಲಿ ತೋರಿಸೆನ್ನಕೂಡದು. ವ್ಯಾಧಿ ಯಾವುದೆಂದು ವಿಚಾರಿಸಕೂಡದು. ಕೆಲಸವನ್ನು ಮಾಡಿಸಿ ತೋರಿಸೆನ್ನಕೂಡದು. ನಾಯಿ ಹತೋಟಿ ಮೀರಿದರೆ, ಅಥವಾ ಒಳಗೆ ಗಲೀಜು ಮಾಡಿದರೆ, ಆಗ ಅದನ್ನು ಹೊರಗೆ ಕಳುಹಿಸಬಹುದು.

ಇಷ್ಟು ಉದಾರವಾದ ನಿಯಮವನ್ನು ಕಂಡು ಇದೇನು ಬಾಗಿಲಿಲ್ಲದ ಮನೆಯೇ ಎಂದು ಹುಬ್ಬೇರಿಸುವವರುಂಟು. ಆದರೆ ಕಾಗದವನ್ನು ಕೇಳುವ ಅಧಿಕಾರವನ್ನು ಕೊಡುವುದೆಂದರೆ, ಆ ಅಧಿಕಾರವನ್ನು ಪ್ರತಿಯೊಬ್ಬ ಕಂಡಕ್ಟರನಿಗೂ ಗುಮಾಸ್ತನಿಗೂ ಕಾವಲುಗಾರನಿಗೂ ಕೊಡುವುದೆಂದೇ ಅರ್ಥ. ಹಾಲು ತರಲು ಹೊರಟ ಅಂಧನು ದಾರಿಯಲ್ಲಿ ಹತ್ತು ಕಡೆ ತನ್ನ ಕುರುಡನ್ನು ರುಜುವಾತುಪಡಿಸಬೇಕಾಗುತ್ತಿತ್ತು. ಅಲ್ಲದೆ ಶಾಲೆಯಲ್ಲಿ ತರಬೇತಾದ ನಾಯಿ ಎಲ್ಲರಿಗೂ ದೊರೆಯತಕ್ಕದ್ದಲ್ಲ. ಮೂರ್ಛೆಯ ರೋಗಿಯೋ ಕಿವುಡನೋ ರೈಸಿಂಗರನಂತೆ ತನ್ನ ನಾಯಿಯನ್ನು ತಾನೇ ಪಳಗಿಸಿಕೊಳ್ಳಲು ಅವಕಾಶವಿರಬೇಕೆಂದು ಶಾಸಕರು ಎಣಿಸಿದುದು ನ್ಯಾಯವೇ ಆಗಿತ್ತು. ಒಟ್ಟಿನಲ್ಲಿ ಕಾನೂನು ಬಂದವನ ಮಾತನ್ನು ನಂಬಿತು.

2011ರ ಮಾರ್ಚಿನಿಂದ ಜಾರಿಗೆ ಬಂದ ಪರಿಷ್ಕೃತ ನಿಯಮಗಳು ಸೇವಾಪ್ರಾಣಿ ಎಂಬುದನ್ನು ನಾಯಿಗೆ ಮಾತ್ರ ಸೀಮಿತಗೊಳಿಸಿ, ಬರಿಯ ಸಾಂತ್ವನಕ್ಕಾಗಿ ಇಟ್ಟುಕೊಂಡ ಪ್ರಾಣಿಯನ್ನು ಸ್ಪಷ್ಟವಾಗಿ ಹೊರಗಿಟ್ಟವು. ಗಿಡ್ಡ ತಳಿಯ ಕುದುರೆಗೆ ಮಾತ್ರ ಪ್ರತ್ಯೇಕ ವಿಧಿಯೊಂದನ್ನು ಸೇರಿಸಿದರು. ನಾಯಿಯ ಸಂಪರ್ಕ ದೇಹಕ್ಕೆ ಒಗ್ಗದವರಿಗೂ, ಮತಾಚಾರದ ನಿಮಿತ್ತ ನಾಯಿಯನ್ನು ಮುಟ್ಟದವರಿಗೂ ಅದು ಅನುಕೂಲ. ಆಯುಷ್ಯವೂ ನಾಯಿಗಿಂತ ಬಹಳ ಹೆಚ್ಚು.

ಬಂದವನ ಮಾತಿನಲ್ಲಿ ಕಾನೂನು ಇಟ್ಟ ನಂಬಿಕೆಯನ್ನು ಬಂಡವಾಳ ಮಾಡಿಕೊಳ್ಳುವವರೂ ಕಾಣಿಸಿಕೊಂಡರು. ಕಾನೂನು ಯಾವ ಪ್ರಮಾಣಪತ್ರವನ್ನೂ ಕೇಳುವುದಿಲ್ಲ, ಯಾವ ಸರಕಾರಿ ನೋಂದಣಿಯೂ ಇಲ್ಲ. ಆದರೂ, ಅಥವಾ ಅದಕ್ಕಾಗಿಯೇ, ‘ನೋಂದಾಯಿತ ಸೇವಾಶ್ವಾನ’ ಎಂಬ ಬಿಲ್ಲೆ, ಕೆಂಪು ಕವಚ, ಮೊಹರು ಒತ್ತಿದ ಚೀಟಿ ಇವುಗಳನ್ನು ಹಣಕ್ಕೆ ಮಾರುವ ವ್ಯಾಪಾರ ಬೆಳೆಯಿತು. ನಾಯಿಯನ್ನು ನೋಡುವುದಿಲ್ಲ, ಯಜಮಾನನನ್ನು ನೋಡುವುದಿಲ್ಲ. ಹಣ ಸಂದಾಯವಾದರೆ ಸಾಕು. ಆ ಕಾಗದಕ್ಕೆ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲವೆಂಬುದು ಬಾಗಿಲಿನವನಿಗೆ ತಿಳಿಯದಾದುದರಿಂದ ಅದಕ್ಕೆ ಬೆಲೆ ಬಂದಿತು. ಇದರಿಂದ ಒದಗಿದ ವಿಪರ್ಯಾಸವೆಂದರೆ, ಸುಳ್ಳು ನಾಯಿಯ ಬಳಿ ಕಾಗದವಿರುವುದು, ನಿಜವಾದ ನಾಯಿಯ ಬಳಿ ಅನೇಕ ವೇಳೆ ಇಲ್ಲದಿರುವುದು.

ವಿಮಾನಯಾನಕ್ಕೆ 1986ರ ಬೇರೊಂದು ಕಾಯಿದೆ ಇದ್ದಿತು. ಅದರ ಕೆಳಗೆ ಮನಸ್ಸಿನ ನೆಮ್ಮದಿಗಾಗಿ ಒಯ್ಯುವ ಪ್ರಾಣಿಗೂ, ಚಿಕಿತ್ಸಕನ ಪತ್ರವೊಂದಿದ್ದರೆ, ಉಚಿತವಾಗಿ ಎಡೆ ದೊರೆಯುತ್ತಿತ್ತು. ಸಾಕುನಾಯಿಯನ್ನು ಜೊತೆಯಲ್ಲಿ ಒಯ್ಯಲು ನೂರು ಡಾಲರಿಗೂ ಮೇಲ್ಪಟ್ಟು ಶುಲ್ಕವಿರುವಲ್ಲಿ, ಪತ್ರವೊಂದು ಅದನ್ನು ಉಳಿಸುವುದಾದರೆ, ಪತ್ರಗಳಿಗೆ ಬರ ಬರುವುದಿಲ್ಲ. ಈ ವರ್ಗದ ಪ್ರಾಣಿಗಳು 2016ರಲ್ಲಿ 4,81,000 ಇದ್ದದ್ದು ಮರುವರ್ಷ 7,51,000 ಆಯಿತೆಂದು ವಿಮಾನ ಸಂಸ್ಥೆಗಳ ಒಕ್ಕೂಟ ಲೆಕ್ಕ ಕೊಟ್ಟಿತು. ದೇಶದ ಮನೋವ್ಯಥೆ ಒಂದೇ ವರ್ಷದಲ್ಲಿ ಇಷ್ಟು ಉಲ್ಬಣಿಸಿತೆಂದು ನಂಬುವುದು ಕಷ್ಟ. 2018ರ ಜನವರಿಯಲ್ಲಿ ನ್ಯೂವಾರ್ಕ್ ನಿಲ್ದಾಣಕ್ಕೆ ನವಿಲೊಂದು ಈ ಹಕ್ಕಿನ ಮೇಲೆಯೇ ಬಂದು, ವಿಮಾನವನ್ನು ಹತ್ತಲಾಗದೆ ಹಿಂದಿರುಗಿತು. ಲೋಕವೆಲ್ಲ ನಕ್ಕಿತು.

ನಗದವರೂ ಇದ್ದರು. ನಿಜವಾದ ಮಾರ್ಗದರ್ಶಿ ನಾಯಿ ಉಪಾಹಾರಗೃಹವನ್ನು ಹೊಕ್ಕರೆ ಮೇಜಿನ ಕೆಳಗೆ ಮೈಮುದುರಿ ಮಲಗುತ್ತದೆ. ನೆಲಕ್ಕೆ ಬಿದ್ದ ರೊಟ್ಟಿಯ ಚೂರು ಮೂತಿಗೆ ತಗುಲುವಂತಿದ್ದರೂ ಮುಟ್ಟುವುದಿಲ್ಲ. ಪಕ್ಕದವರು ಎದ್ದುಹೋಗುವ ತನಕ ಅಲ್ಲೊಂದು ನಾಯಿಯಿದ್ದುದು ಅವರಿಗೆ ತಿಳಿಯದಿರುವುದೂ ಉಂಟು. ಯಜಮಾನನ ಅಪ್ಪಣೆಯಾದರೂ ಎದುರಿಗೆ ಬಂಡಿ ಬರುತ್ತಿದ್ದರೆ ಕದಲದೆ ನಿಲ್ಲುವ ಅವಿಧೇಯತೆಯನ್ನೂ ಅದಕ್ಕೆ ಕಲಿಸಿರುತ್ತಾರೆ. ಇಂಥ ನಾಯಿಯ ಮೇಲೆ ಕೊಂಡುತಂದ ಕವಚವನ್ನು ತೊಟ್ಟ ಸಾಕುನಾಯಿಯೊಂದು ಎರಗಿದರೆ, ಗಾಯ ಮಾಗಿದ ಮೇಲೂ ಅಂಜಿಕೆ ಉಳಿಯಬಹುದು. ಅಂಜಿದ ನಾಯಿ ಕೆಲಸಕ್ಕೆ ಬಾರದು, ಮತ್ತು ಅದರ ಯಜಮಾನನು ಆ ದಿನವೇ ಎರಡನೆಯ ಸಲ ಕುರುಡನಾಗುತ್ತಾನೆ. ಮೊದಲು ಬಂದ ಸುಳ್ಳು ನಾಯಿ ಮಾಡಿಹೋದ ರಂಪದ ಸಿಟ್ಟನ್ನು ಅಂಗಡಿಯವನು ಆಮೇಲೆ ಬಂದ ನಿಜವಾದ ನಾಯಿಯ ಮೇಲೆ ತೀರಿಸಿಕೊಳ್ಳುವುದು ಬೇರೆ.

ರಾಜ್ಯಗಳು ದಂಡವಿಧಿಯನ್ನು ಹುಡುಕಿದವು. ತನ್ನ ನಾಯಿ ಸೇವಾಶ್ವಾನವೆಂದು ತಿಳಿದೂ ತಿಳಿದೂ ಸುಳ್ಳಾಡುವವನಿಗೆ ಆರು ತಿಂಗಳವರೆಗೆ ಸೆರೆ, ಸಾವಿರ ಡಾಲರುಗಳವರೆಗೆ ಜುಲ್ಮಾನೆ ಎಂದು ಕ್ಯಾಲಿಫೋರ್ನಿಯಾದ ದಂಡಸಂಹಿತೆ ಹೇಳುತ್ತದೆ. ಫ್ಲಾರಿಡಾ 2015ರಲ್ಲಿ ಮಾಡಿದ ಶಾಸನ ನನಗೆ ಹೆಚ್ಚು ಹಿಡಿಸಿದೆ. ಅಲ್ಲಿ ಅಪರಾಧಿಯು ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ಮೂವತ್ತು ಗಂಟೆಗಳ ಕಾಲ ಸೇವೆ ಸಲ್ಲಿಸಬೇಕು. ಆದರೆ ಅಪರಾಧವನ್ನು ಸಾಬೀತುಪಡಿಸುವವರಾರು? ಎರಡು ಪ್ರಶ್ನೆಗಳಿಗೆ ಎರಡು ಸುಳ್ಳುಗಳನ್ನು ಬಾಯಿಪಾಠ ಮಾಡಿಕೊಂಡು ಬಂದವನ ಮುಂದೆ, ಮೂರನೆಯ ಪ್ರಶ್ನೆಯನ್ನು ಕೇಳಲಾರದ ಗುಮಾಸ್ತನು ಕೈಕಟ್ಟಿ ನಿಲ್ಲಬೇಕಾಗುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾ ಕೊಳ್ಳುವವನನ್ನು ಬಿಟ್ಟು ಮಾರುವವನ ಕಡೆಗೆ ತಿರುಗಿ, ಸಾಂತ್ವನದ ನಾಯಿಯನ್ನಾಗಲಿ ಅದರ ಬಿಲ್ಲೆ ಕವಚಗಳನ್ನಾಗಲಿ ಮಾರುವವರು ಇದು ಸೇವಾಶ್ವಾನವಲ್ಲವೆಂದು ಬರೆದು ತಿಳಿಸಬೇಕೆಂದೂ, ಇಂಥ ನಾಯಿಗೆ ಪತ್ರ ಕೊಡುವ ಚಿಕಿತ್ಸಕನು ಕನಿಷ್ಠ ಮೂವತ್ತು ದಿನಗಳಿಂದ ಆ ವ್ಯಕ್ತಿಯನ್ನು ಬಲ್ಲವನಾಗಿರಬೇಕೆಂದೂ ವಿಧಿಸಿತು. ಈ ರೋಗಕ್ಕೆ ಇದುವರೆಗೆ ಬಂದ ಔಷಧಗಳಲ್ಲಿ ಬೇರಿಗೆ ಸಮೀಪವಾದುದು ಇದೇ.

ವಿಮಾನಗಳ ವಿಷಯದಲ್ಲಿ ಕೇಂದ್ರ ಸಾರಿಗೆ ಇಲಾಖೆ 2020ರ ಡಿಸೆಂಬರಿನಲ್ಲಿ ಹೊಸ ನಿಯಮವನ್ನು ಹೊರಡಿಸಿತು. 2021ರ ಜನವರಿ 11ರಿಂದ ಸಾಂತ್ವನದ ಪ್ರಾಣಿಯನ್ನು ಸಾಕುಪ್ರಾಣಿಯೆಂದೇ ಎಣಿಸಲು ವಿಮಾನ ಸಂಸ್ಥೆಗಳಿಗೆ ಅಧಿಕಾರ ದೊರೆಯಿತು. ಆದರೆ ಅದೇ ನಿಯಮ, ಸೇವಾಶ್ವಾನವನ್ನು ಕರೆತರುವವರು ನಾಯಿಯ ಆರೋಗ್ಯ, ತರಬೇತಿ, ನಡತೆ ಇವುಗಳನ್ನು ಕುರಿತು ಸರಕಾರದ ನಮೂನೆಯಲ್ಲಿ ಬರೆದುಕೊಡಬೇಕೆಂದು ಕೇಳಲು ಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ಮುಂಚಿತವಾಗಿ ಟಿಕೇಟು ಕೊಂಡವರಾದರೆ ಪ್ರಯಾಣಕ್ಕೆ 48 ಗಂಟೆ ಮೊದಲೇ ಅದು ಕೈಸೇರಬೇಕೆನ್ನಬಹುದು. ಸುಳ್ಳು ಬರೆದರೆ ಅಪರಾಧವೆಂಬ ಎಚ್ಚರಿಕೆಯೂ ಅದರಲ್ಲಿದೆ. ಇಂಥ ನಮೂನೆಗೆ ಅಂಧರ ಸಂಘಗಳು ಬಲವಾಗಿ ಆಕ್ಷೇಪಿಸಿದುವು. ಬಿಲ್ಲೆ ಕವಚಗಳ ವ್ಯಾಪಾರಕ್ಕೆ ಎಂದೂ ಕೈಯಿಕ್ಕದ ತಮ್ಮ ಸದಸ್ಯರು, ಅಷ್ಟು ವರ್ಷ ಕೇವಲ ಹಿಡಿಯನ್ನು ಹಿಡಿದು ಹತ್ತುತ್ತಿದ್ದ ವಿಮಾನಕ್ಕೆ, ಈಗ ಕಣ್ಣುಳ್ಳವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಬೇಕಾದೀತೆಂಬುದು ಅವರ ಅಳಲು. ನಮೂನೆ ಈಗಲೂ ಬಳಕೆಯಲ್ಲಿದೆ.