ಹೊಗೆಗೂ ಲೆಕ್ಕವಿಟ್ಟ ಅಳತೆಗೋಲು

ವಿದ್ಯುತ್ ಸ್ಥಾವರದ ದಕ್ಷತೆಯೆಂದರೆ ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಎಷ್ಟು ಪಾಲು ವಿದ್ಯುತ್ತಾಗಿ ಕೈಸೇರಿತು ಎಂಬುದಷ್ಟೇ ಆಗಿದ್ದ ಕಾಲದಲ್ಲಿ, ಚಿಮಣಿಯಿಂದ ಹೊರಬಿದ್ದ ಗಂಧಕದ ಡೈಆಕ್ಸೈಡಿಗಾಗಲಿ ಹಾರುಬೂದಿಗಾಗಲಿ ಆ ಲೆಕ್ಕದಲ್ಲಿ ಎಡೆಯಿರಲಿಲ್ಲ. 1957ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಎಂ. ಜೆ. ಫ್ಯಾರೆಲ್, ಒಂದು ಉತ್ಪಾದನಾ ಘಟಕವನ್ನು ಕಾಗದದ ಮೇಲಿನ ಆದರ್ಶಕ್ಕಿಂತ ಅದೇ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವ ಘಟಕಗಳೊಂದಿಗೆ ಹೋಲಿಸುವುದು ಸೂಕ್ತವೆಂದು ತೋರಿಸಿದರು. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಆ ವಿಚಾರವನ್ನು ಗಣಿತದ ವಿಧಾನವಾಗಿ ರೂಪಿಸಿದರು. ಡಿಇಎ ಎಂದು ಹೆಸರಾದ ಈ ವಿಧಾನದಲ್ಲಿ ಅತ್ಯುತ್ತಮ ಘಟಕಗಳು ಸೇರಿ ಒಂದು ಗಡಿರೇಖೆಯಾಗುತ್ತವೆ, ಉಳಿದವು ಆ ರೇಖೆಯಿಂದ ಎಷ್ಟು ಹಿಂದಿವೆಯೆಂಬುದೇ ಅವುಗಳ ಅದಕ್ಷತೆಯ ಅಳತೆಯಾಗುತ್ತದೆ.

1980ರ ದಶಕದಲ್ಲಿ ಫೇರ್, ಗ್ರಾಸ್ಕಾಫ್ ಮತ್ತು ಸಂಗಡಿಗರು ಮಾಲಿನ್ಯವನ್ನು ವಿದ್ಯುತ್ತಿನ ಜೊತೆಗೇ ಹುಟ್ಟುವ ‘ಬೇಡದ ಉತ್ಪನ್ನ’ವೆಂದು ಈ ಲೆಕ್ಕಕ್ಕೆ ತಂದರು. ಹೊಗೆಯನ್ನು ಖರ್ಚಿಲ್ಲದೆ ತೊಡೆಯಲಾಗದು, ಒಂದೋ ಶುದ್ಧೀಕರಣಕ್ಕೆ ಹಣ ಹಾಕಬೇಕು, ಇಲ್ಲವೇ ಉತ್ಪಾದನೆ ತಗ್ಗಿಸಬೇಕು ಎಂಬ ನಿಜವನ್ನು ಸಮೀಕರಣದೊಳಗೇ ಸೇರಿಸಿದ ಈ ಹೆಜ್ಜೆ ದಕ್ಷತೆಯ ಅಳತೆಯ ಇಡೀ ಚರಿತ್ರೆಯಲ್ಲೇ ದೊಡ್ಡದು.

ಆದರೆ ಹೊಗೆಯ ಅಂಕಿಯೇ ನಂಬಲರ್ಹವಾಗಿರಲಿಲ್ಲ. ಉರಿಸಿದ ಕಲ್ಲಿದ್ದಲಿನ ತೂಕವನ್ನು ಮಾದರಿಯಲ್ಲಿ ಕಂಡ ಗಂಧಕದ ಪ್ರಮಾಣದಿಂದ ಗುಣಿಸಿ ಮಾಲಿನ್ಯವನ್ನು ಅಂದಾಜಿಸುವುದು ರೂಢಿಯಾಗಿತ್ತು; ಒಂದು ವ್ಯಾಗನ್ನಿನ ಕಲ್ಲಿದ್ದಲು ಇನ್ನೊಂದರಂತಿರುವುದಿಲ್ಲ. ಅಮೆರಿಕದ 1990ರ ಕಾನೂನು ತಿದ್ದುಪಡಿ ದೊಡ್ಡ ಸ್ಥಾವರಗಳ ಚಿಮಣಿಗಳಲ್ಲಿ ನಿರಂತರ ಮಾಪಕಗಳನ್ನು ಕಡ್ಡಾಯಗೊಳಿಸಿದ ಮೇಲೂ, ಮಾಪಕ ಕೆಟ್ಟ ಗಂಟೆಗಳಿಗೆ ಬದಲಿ ಅಂಕಿ ತುಂಬಬೇಕಾಯಿತು. ದುರಸ್ತಿ ತಡವಾದಷ್ಟೂ ಆ ಅಂಕಿ ಹೆಚ್ಚಬೇಕೆಂಬ ನಿಯಮ ಸ್ಥಾವರಗಳ ಉದಾಸೀನಕ್ಕೆ ತಕ್ಕ ಮದ್ದಾಗಿತ್ತು. ಡಿಇಎಗೆ ಅಂಕಿಗಳ ಇಂಥ ದೋಷ ಮಾರಕ: ಒಂದೇ ಸ್ಥಾವರದ ಮಾಲಿನ್ಯ ತಪ್ಪಾಗಿ ಕಡಿಮೆ ದಾಖಲಾದರೂ ಅದೇ ಮಾದರಿಯಾಗಿ ನಿಂತು, ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟ ಇತರ ಸ್ಥಾವರಗಳನ್ನು ಕೆಳಗಿಳಿಸುತ್ತದೆ.

ಈ ತೊಡಕಿಗೆ ನೆರವಾದದ್ದು, ‘ಸುಮಾರು’ ಎಂಬುದಕ್ಕೂ ಗಣಿತದಲ್ಲಿ ಸ್ಥಾನ ಕೊಟ್ಟ ಲೋಟ್ಫಿ ಜಾಡೆಯವರ 1965ರ ಅಸ್ಪಷ್ಟ ಗಣ ಸಿದ್ಧಾಂತ ಮತ್ತು ಕೂಪರ್, ಪಾರ್ಕ್, ಯು ಅವರು 1999ರಲ್ಲಿ ನಿಖರವಲ್ಲದ ದತ್ತಾಂಶಕ್ಕೆಂದು ರೂಪಿಸಿದ ಡಿಇಎ. ಇದೇ ಜಾಡಿನಲ್ಲಿ ಬೆಳೆದ ವಿಧಾನಗಳು ದಕ್ಷತೆಗೆ ಕೆಳಮಿತಿ, ಮೇಲ್ಮಿತಿಗಳೆರಡನ್ನೂ ಕೊಡುತ್ತವೆ: ಕೆಳಮಿತಿಯೇ ಪೂರ್ಣಾಂಕ 1 ಆದ ಸ್ಥಾವರ ನಿಸ್ಸಂದೇಹವಾಗಿ ದಕ್ಷ, ಮೇಲ್ಮಿತಿಯೂ 1ನ್ನು ಮುಟ್ಟದ್ದು ಅದಕ್ಷ, ನಡುವಿನದರ ತೀರ್ಪು ದತ್ತಾಂಶ ಸುಧಾರಿಸುವವರೆಗೆ ಕಾಯಬೇಕು.

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಶೇ. 30ರಿಂದ 45ರವರೆಗೆ ಏರಿಳಿಯುವುದರಿಂದ, ಹೊರರಾಜ್ಯಗಳ ಗಣಿಗಳನ್ನು ನೆಚ್ಚಿರುವ ರಾಯಚೂರಿನಂಥ ಸ್ಥಾವರಗಳಿಗೆ ಒಂಟಿ ಅಂಕಿಯ ತೀರ್ಪು ನ್ಯಾಯವಾಗದು. ಆದರೆ ಭಾರತದ ಶಾಖೋತ್ಪನ್ನ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ರಾಷ್ಟ್ರಮಟ್ಟದ ಮಿತಿ ಗೊತ್ತುಪಡಿಸಿದ ಅಧಿಸೂಚನೆ ಹೊರಬಿದ್ದದ್ದೇ 2015ರ ಡಿಸೆಂಬರಿನಲ್ಲಿ.