ಅರದ ಕೆಲಸ ಮುಗಿಯದ ಪಿಸ್ತೂಲು

ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನಿಕರು ಸೊಂಟಕ್ಕೆ ಕಟ್ಟಿಕೊಂಡಿದ್ದ ‘ಎಂ 1911’ ಪಿಸ್ತೂಲನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಎನ್ನುತ್ತದೆ. ಎಲ್ಲೋ ತಿರುಪು ಸಡಿಲವಾಗಿರಬೇಕು ಎಂದು ಹೊಸಬರಿಗೆ ಅನ್ನಿಸಬಹುದು. ಆದರೆ ಹಿಡಿಯ ಪಟ್ಟಿಗಳನ್ನು ಕೂರಿಸಿರುವ ತಿರುಪುಗಳನ್ನು ಬಿಟ್ಟರೆ ಅದರಲ್ಲಿ ಬಿಗಿಯಲು ಬೇರೆ ತಿರುಪೇ ಇಲ್ಲ. ಯಾವ ಪಿಸ್ತೂಲಿನ ಭಾಗವನ್ನು ಯಾವುದಕ್ಕೆ ಹಾಕಿದರೂ ಕೂರಬೇಕು ಎಂಬ ಷರತ್ತಿಗಾಗಿ ಸೇನೆ ಒಪ್ಪಿಕೊಂಡ ಸಡಿಲ ಅದು. ಮುಂದೆ ಆ ಸದ್ದನ್ನು ಅಡಗಿಸಲು ಹೊರಟವರಿಂದಲೇ ಪಿಸ್ತೂಲಿನ ಬಿಡಿಭಾಗಗಳ ದೊಡ್ಡ ವ್ಯಾಪಾರವೊಂದು ಬೆಳೆಯಿತು.

ಹಿಂದೆ ಬಂದೂಕು ಮಾಡುವವನು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಆಯಾ ಬಂದೂಕಿಗೆ ಹೊಂದಿಸುತ್ತಿದ್ದ. ಒಂದರ ಕೀಲು ಮುರಿದರೆ ಇನ್ನೊಂದರ ಕೀಲು ಅಲ್ಲಿ ಕೂರುತ್ತಿರಲಿಲ್ಲ. ಕಮ್ಮಾರನಿಲ್ಲದ ರಣರಂಗದಲ್ಲಿ ಅಂಥ ಬಂದೂಕು ದೊಣ್ಣೆಗೆ ಸಮ. 1785ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್, ಒನೊರೆ ಬ್ಲಾಂ ಎಂಬ ಕುಶಲಕರ್ಮಿಯ ಕಾರ್ಯಾಗಾರಕ್ಕೆ ಹೋಗಿ, ರಾಶಿಯಿಂದ ಕೈಗೆ ಸಿಕ್ಕ ತುಂಡುಗಳನ್ನೇ ಜೋಡಿಸಿ ಬಂದೂಕಿನ ಚಾಪುಗಳನ್ನು ತಾನೇ ಕಟ್ಟಿ ನೋಡಿದ. ಎಲ್ಲವೂ ಕೂತವು. ಬೆರಗಾಗಿ ತನ್ನ ದೇಶಕ್ಕೆ ಪತ್ರ ಬರೆದ.

ಅಮೆರಿಕದಲ್ಲಿ ಇದರ ಕೀರ್ತಿ ಬಹುಕಾಲ ಎಲಿ ವಿಟ್ನಿಗೆ ಸಂದಿತ್ತು. 1798ರಲ್ಲಿ ಆತ 10,000 ಬಂದೂಕುಗಳ ಗುತ್ತಿಗೆ ಹಿಡಿದ. 1801ರಲ್ಲಿ ವಾಷಿಂಗ್ಟನ್‌ನಲ್ಲಿ ಭಾಗಗಳನ್ನು ಅದಲುಬದಲು ಮಾಡಿ ದೊಡ್ಡವರನ್ನು ಮೆಚ್ಚಿಸಿದ. ಉಳಿದುಬಂದಿರುವ ಅವನ ಬಂದೂಕುಗಳನ್ನು ಇಪ್ಪತ್ತನೆಯ ಶತಮಾನದ ಇತಿಹಾಸಕಾರರು ಬಿಚ್ಚಿ ನೋಡಿದಾಗ ಭಾಗಗಳು ಅದಲುಬದಲಾಗಲಿಲ್ಲ. ಎರಡು ವರ್ಷದ ಗುತ್ತಿಗೆ ಮುಗಿಸಲು ಆತ ತೆಗೆದುಕೊಂಡದ್ದು ಹತ್ತಕ್ಕೂ ಹೆಚ್ಚು ವರ್ಷ ಎಂಬುದನ್ನೂ ಇಲ್ಲಿ ನೆನೆಯಬಹುದು. ಮಾತನ್ನು ನಿಜ ಮಾಡಿದವನು ಹಾರ್ಪರ್ಸ್ ಫೆರಿಯ ಜಾನ್ ಹಾಲ್. 1820ರ ದಶಕದಲ್ಲಿ ಅವನ ರೈಫಲುಗಳನ್ನು ಬಿಚ್ಚಿ, ಕಲಸಿ, ಮರುಜೋಡಿಸಿದ ಪರೀಕ್ಷಕರು ತೃಪ್ತರಾದರು.

ಈ ಪರಂಪರೆಯ ಕೂಸು ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲು. ಗುಂಡು ಹಾರಿದ ರಭಸಕ್ಕೆ ಮೇಲಿನ ಜಾರುಭಾಗ, ಅಂದರೆ ಸ್ಲೈಡು, ಹಿಂದೆ ಸರಿದು ಖಾಲಿ ತೋಟೆಯನ್ನು ಎಸೆದು ಹೊಸದನ್ನು ತುಂಬಿಕೊಳ್ಳುತ್ತದೆ. ಪ್ರತಿ ಗುಂಡಿಗೂ ಟ್ರಿಗರ್ ಎಳೆಯಬೇಕು. ಅರೆ ಸ್ವಯಂಚಾಲಿತ ಎನ್ನುವುದು ಇದಕ್ಕೇ. 1911ರ ಮಾರ್ಚ್‌ನ ಪರೀಕ್ಷೆಯಲ್ಲಿ ಈ ಪಿಸ್ತೂಲು 6,000 ಗುಂಡುಗಳನ್ನು ತೊಡಕಿಲ್ಲದೆ ಹಾರಿಸಿತು. ಅದೇ ತಿಂಗಳ 29ರಂದು ಸೇನೆಗೆ ಸೇರಿತು. ಕೆಸರು, ಮರಳು ಒಳಹೊಕ್ಕರೂ ಕೆಲಸ ನಿಲ್ಲಬಾರದೆಂದರೆ ಭಾಗಗಳ ನಡುವೆ ಕೊಂಚ ಜಾಗ ಬೇಕು. ಸಡಿಲಕ್ಕೆ ಹೀಗೆ ಎರಡು ಸಮರ್ಥನೆಗಳಿದ್ದವು.

ನಿಜವಾದ ಪರೀಕ್ಷೆ ನಡೆದದ್ದು ಯುದ್ಧಕಾಲದಲ್ಲಿ. ಕೋಲ್ಟ್ ಕಂಪನಿಯೊಂದರಿಂದಲೇ ಬೇಡಿಕೆ ಪೂರೈಸಲಾಗದೆ ಮೊದಲ ಮಹಾಯುದ್ಧದಲ್ಲಿ ರೆಮಿಂಗ್ಟನ್ ಯುಎಂಸಿಗೆ ಕೆಲಸ ಕೊಟ್ಟಾಗ, ಕೋಲ್ಟ್‌ನ ನಕ್ಷೆಗಳಿಗೂ ಅದು ಮಾಡುತ್ತಿದ್ದ ಪಿಸ್ತೂಲಿಗೂ ತಾಳೆಯಾಗದ್ದು ಬೆಳಕಿಗೆ ಬಂತು. ಕಾಗದದಲ್ಲಿ ಇಲ್ಲದ್ದು ಕೋಲ್ಟ್ ಕೆಲಸಗಾರರ ಕೈಯಲ್ಲಿತ್ತು! ಎರಡನೆಯ ಯುದ್ಧದ ಹೊತ್ತಿಗೆ ನಕ್ಷೆಗಳು ಸುಧಾರಿಸಿದ್ದವು. ಹೊಲಿಗೆ ಯಂತ್ರದ ಸಿಂಗರ್ 500 ಪಿಸ್ತೂಲುಗಳನ್ನು ಮಾಡಿಕೊಟ್ಟಿತು. ರೈಲ್ವೆ ಸಿಗ್ನಲ್ ಕಂಪನಿಯೊಂದು ಸುಮಾರು 55,000 ಮಾಡಿತು. ಬೆರಳಚ್ಚು ಯಂತ್ರಗಳ ರೆಮಿಂಗ್ಟನ್ ರ‍್ಯಾಂಡ್ ಎಂಟು ಲಕ್ಷಕ್ಕೂ ಹೆಚ್ಚು ಮಾಡಿತು. 1945ರ ನಂತರ ಸೇನೆ ಹೊಸ ಪಿಸ್ತೂಲು ಕೊಳ್ಳಲಿಲ್ಲ. ಹಳೆಯವನ್ನೇ ಬಿಚ್ಚಿ, ಒಂದರ ಚೌಕಟ್ಟಿಗೆ ಇನ್ನೊಂದರ ಸ್ಲೈಡು, ಮತ್ತೊಂದರ ನಳಿಗೆ ಕೂರಿಸಿ ದಶಕಗಳ ಕಾಲ ನಡೆಸಿತು. ಇವನ್ನು ಜೋಡಿಸಲು ಅರ ಬೇಕಿರಲಿಲ್ಲ.

ಗುರಿಕಾರನ ಲೆಕ್ಕವೇ ಬೇರೆ. ಒಹಾಯೊದ ಕ್ಯಾಂಪ್ ಪೆರಿಯಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ 50 ಗಜ ದೂರದ ವೃತ್ತಕ್ಕೆ ಒಂದೇ ಕೈಯಲ್ಲಿ ಗುರಿಯಿಡಬೇಕಿತ್ತು. ಗುಂಡು ಹಾರಿದಾಗಲೆಲ್ಲ ನಳಿಗೆ ಮತ್ತೆ ಅದೇ ಜಾಗದಲ್ಲಿ ಬಂದು ಕೂರದಿದ್ದರೆ, ಕೂದಲೆಳೆಯ ವ್ಯತ್ಯಾಸವೂ ಅಷ್ಟು ದೂರದಲ್ಲಿ ಅಂಗೈಯಗಲವಾಗುತ್ತದೆ. ಆದ್ದರಿಂದ ಸೇನೆಯ ಕುಶಲಕರ್ಮಿಗಳೇ ಸೇನೆಯ ಪಿಸ್ತೂಲನ್ನು ಬಿಗಿ ಮಾಡತೊಡಗಿದರು. ಚೌಕಟ್ಟಿನ ಅಂಚುಗಳನ್ನು ಸುತ್ತಿಗೆಯಿಂದ ತಟ್ಟಿ ಇಕ್ಕಟ್ಟು ಮಾಡುವುದು, ನಳಿಗೆಗೆ ಲೋಹ ಬೆಸೆದು ಮತ್ತೆ ಉಜ್ಜುವುದು, ನಳಿಗೆಯ ತುದಿ ಹಿಡಿಯುವ ಬಳೆಯನ್ನು ಹೊಸದಾಗಿ ಕೂರಿಸುವುದು - ಎಲ್ಲವೂ ಕೈಕೆಲಸ. ಲೂಸಿಯಾನದ ಜಿಮ್ ಕ್ಲಾರ್ಕ್ ಇಂಥ ಪಿಸ್ತೂಲುಗಳನ್ನು ಕಟ್ಟುವುದರಲ್ಲಿ ಹೆಸರಾಗಿ, 1958ರಲ್ಲಿ ತಾನೇ ರಾಷ್ಟ್ರೀಯ ಚಾಂಪಿಯನ್ ಆದ. ಒಮ್ಮೆ ಹೀಗೆ ಬಿಗಿಯಾದ ಪಿಸ್ತೂಲಿನ ನಳಿಗೆ ಬೇರೊಂದರಲ್ಲಿ ಕೂರದು. ಬ್ಲಾಂ ಕಾಲಕ್ಕೂ ಹಿಂದಿನ ಬಂದೂಕು ಮರಳಿ ಬಂದಂತಾಯಿತು.

1970ರ ದಶಕದ ಕೊನೆಯಲ್ಲಿ ಈ ಕೆಲಸ ಅಂಗಡಿ ಸರಕಾಯಿತು. ಓಡುತ್ತ, ಮರೆಯಿಂದ ಮರೆಗೆ ಸರಿಯುತ್ತ ಗುಂಡು ಹಾರಿಸುವ ಹೊಸ ಬಗೆಯ ಸ್ಪರ್ಧೆಗೆ 1976ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಗಿತ್ತು. ಮರುವರ್ಷ ಆರ್ಕನ್ಸಾದ ಬೆರಿವಿಲ್ ಎಂಬ ಸಣ್ಣ ಊರಲ್ಲಿ, ಗಡಿಯಾರ ರಿಪೇರಿ ಕಲಿತಿದ್ದ ಬಿಲ್ ವಿಲ್ಸನ್ ಮನೆತನದ ಒಡವೆ ಅಂಗಡಿಯ ಹಿಂಭಾಗದಲ್ಲಿ ಪಿಸ್ತೂಲಿನ ಕೆಲಸ ಶುರು ಮಾಡಿದ. ಕ್ಯಾಲಿಫೋರ್ನಿಯಾದ ಆರ್ಮಂಡ್ ಸ್ವೆನ್ಸನ್ ಎಡಗೈಯವರಿಗೂ ಒದಗುವ ಸುರಕ್ಷಾ ಕೀಲಿಗೆ ಪ್ರಸಿದ್ಧನಾಗಿದ್ದ. ಅಗಲ ಕೀಲಿ, ಎತ್ತರದ ಗುರಿನೋಟ, ಹಗುರ ಟ್ರಿಗರ್ ಎಲ್ಲವೂ ಅಂಚೆಯಲ್ಲಿ ಮನೆಗೆ ಬರತೊಡಗಿದವು.

ಅಂಚೆಯಲ್ಲಿ ಬರಲು ಕಾನೂನಿನ ಕಾರಣವೂ ಇತ್ತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಕ್ರಮಸಂಖ್ಯೆ ಹೊತ್ತ ಚೌಕಟ್ಟು ಮಾತ್ರವೇ ಪಿಸ್ತೂಲು. ನಳಿಗೆ, ಸ್ಲೈಡು, ಸ್ಪ್ರಿಂಗುಗಳು ಬರಿಯ ಲೋಹದ ಸಾಮಾನು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧದ ಬಿಡಿಭಾಗವನ್ನೂ ಆಯುಧವೆಂದೇ ಪರಿಗಣಿಸುತ್ತದೆ, ರಿಪೇರಿಗೂ ಪರವಾನಗಿ ಕೇಳುತ್ತದೆ. ಇಂಥ ಮಾರುಕಟ್ಟೆ ಇಲ್ಲಿ ತಲೆಯೆತ್ತಲು ಅವಕಾಶವೇ ಇರಲಿಲ್ಲ.

ಭಾಗಗಳ ಮೇಲೆ ‘ಹಾಗೆಯೇ ಹಾಕಿಕೊಳ್ಳಬಹುದು’ ಎಂಬ ಭರವಸೆ ಇರುತ್ತಿತ್ತು. ಆದರೆ ಯಾವ ನಕ್ಷೆಯೂ ಒಂದೇ ಅಳತೆ ಹೇಳುವುದಿಲ್ಲ. ಇಷ್ಟರಿಂದ ಇಷ್ಟರವರೆಗೆ ಎನ್ನುತ್ತದೆ. ಒಬ್ಬರ ಚೌಕಟ್ಟು ಕಿರಿದಾದ ತುದಿಯಲ್ಲೂ ಇನ್ನೊಬ್ಬರ ಕೀಲಿ ದಪ್ಪನೆಯ ತುದಿಯಲ್ಲೂ ಇದ್ದರೆ ಉಜ್ಜದೆ ಗತಿಯಿಲ್ಲ. ಖಾಸಗಿ ತಯಾರಕರಲ್ಲಿ ಸೇನೆಯ ಅಳತೆಯನ್ನೇ ಬಿಟ್ಟವರೂ ಇದ್ದರು. ಹೀಗಾಗಿ ಒಳ್ಳೆಯ ಅಂಗಡಿಗಳು ಬೇಕೆಂದೇ ತುಸು ದಪ್ಪಗೆ ಮಾಡಿದ ಭಾಗಗಳನ್ನು, ಬಲ್ಲವರಿಂದ ಕೂರಿಸಿಕೊಳ್ಳಿ ಎಂಬ ಎಚ್ಚರಿಕೆಯೊಡನೆ ಮಾರಿದವು. ಕೋಲ್ಟ್ ಕಂಪನಿಯೇ 1970ರಲ್ಲಿ ನಳಿಗೆಯ ತುದಿಯನ್ನು ಸ್ಪ್ರಿಂಗಿನ ಬೆರಳುಗಳಿಂದ ಹಿಡಿಯುವ ಬಳೆ ಹಾಕಿ, ಅರವಿಲ್ಲದೆ ಬಿಗಿ ತರಲು ನೋಡಿತು. ಆ ಬೆರಳುಗಳು ಕೆಲವೊಮ್ಮೆ ಮುರಿಯುತ್ತಿದ್ದವು. ಕೊನೆಗೆ ಅದನ್ನು ಕೈಬಿಡಲಾಯಿತು.

ಟ್ರಿಗರಿನ ವಿಷಯ ಇದಕ್ಕಿಂತ ಗಂಭೀರ. ಸುತ್ತಿಗೆಯನ್ನು ತಡೆದು ನಿಲ್ಲಿಸುವ ಅಂಚು ಉಗುರಿನ ಅಂಚಿಗಿಂತ ಅಗಲವಿಲ್ಲ. ಟ್ರಿಗರ್ ಹಗುರಾಗಲಿ ಎಂದು ಅದನ್ನು ಅತಿಯಾಗಿ ತೀಡಿದರೆ, ಸ್ಲೈಡು ಮುಚ್ಚಿದ ಅದುರಿಗೇ ಸುತ್ತಿಗೆ ಬೀಳಬಹುದು. ಯಾರೂ ಎಳೆಯದೆ ಗುಂಡು ಹಾರಬಹುದು. 1983ರಿಂದ ಕೋಲ್ಟ್, ಟ್ರಿಗರ್ ಎಳೆಯದ ಹೊರತು ಒಳಸೂಜಿ ಮುಂದೆ ಚಲಿಸದಂತೆ ಹೊಸ ತಡೆಯೊಂದನ್ನು ಅಳವಡಿಸಿತು. ಟ್ರಿಗರ್ ಭಾರವಾಯಿತೆಂದು ಅದನ್ನೇ ಕಿತ್ತುಹಾಕಿಸಿದ ಗುರಿಕಾರರಿದ್ದರು. ಕಂಪನಿ ಜೀವ ಉಳಿಸಲೆಂದು ಸೇರಿಸಿದ್ದನ್ನು ಗಿರಾಕಿ ಸುಖಕ್ಕಾಗಿ ತೆಗೆಸಿದ ಮೇಲೆ ಅವಘಡಕ್ಕೆ ಯಾರು ಹೊಣೆ? ಆಸ್ಟ್ರಿಯಾದ ಗ್ಲಾಕ್ ಬಂದ ಮೇಲೆ ಭಾಗ ಬದಲಿಸುವುದು ಅಡುಗೆಮನೆಯ ಮೇಜಿನ ಮೇಲೆ ಮುಗಿಯುವ ಕೆಲಸವಾಯಿತು. ಅರದ ಜೊತೆಗೇ ಅರ ಹಿಡಿದವನ ಎಚ್ಚರಿಕೆಯೂ ಹೋಯಿತು. ಆ ಪಿಸ್ತೂಲನ್ನು ಮಷಿನ್‌ಗನ್ ಆಗಿಸುವ ನಾಣ್ಯದಷ್ಟು ಚಿಕ್ಕ ಅಕ್ರಮ ತುಂಡು ಇಂದು ಅಲ್ಲಿನ ಪೊಲೀಸರ ದೊಡ್ಡ ತಲೆನೋವು. ಆ ತುಂಡನ್ನೇ ಅಲ್ಲಿನ ಕಾನೂನು ಮಷಿನ್‌ಗನ್ ಎಂದು ಕರೆಯುತ್ತದೆ.

ಸೇನೆ 1985ರಲ್ಲಿ 1911ರ ಬದಲಿಗೆ ಇಟಲಿಯ ಬೆರೆಟಾವನ್ನು ಆರಿಸಿಕೊಂಡಿತು. ಉಗ್ರಾಣದಲ್ಲಿದ್ದ ಹಳೆಯ ಪಿಸ್ತೂಲುಗಳನ್ನು 2018ರಿಂದ ನಾಗರಿಕರಿಗೆ ಮಾರಲಾಗುತ್ತಿದೆ. ಅವುಗಳಲ್ಲಿ ಬಹುಪಾಲು ಕಲಬೆರಕೆ: ಕೋಲ್ಟ್ ಚೌಕಟ್ಟು, ರೆಮಿಂಗ್ಟನ್ ಸ್ಲೈಡು, ಇನ್ನಾರದೋ ನಳಿಗೆ. ಕೊಂಡವರಲ್ಲಿ ಕೆಲವರು ಈಗ ಅಂಗಡಿ ಅಂಗಡಿ ತಿರುಗಿ, ಪುಟ್ಟ ಮುದ್ರೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ತಮ್ಮ ಪಿಸ್ತೂಲು 1943ರಲ್ಲೋ 44ರಲ್ಲೋ ಕಾರ್ಖಾನೆ ಬಿಟ್ಟಾಗ ಅದರಲ್ಲಿದ್ದಂಥವೇ ಭಾಗಗಳನ್ನು ಹುಡುಕುತ್ತಿದ್ದಾರೆ. ಸಿಕ್ಕಾಗ ಸಾಮಾನ್ಯವಾಗಿ ಉಜ್ಜದೆಯೇ ಕೂರುತ್ತವೆ. ಅಲುಗಿಸಿದರೆ ಗಲಗಲ ಎನ್ನುತ್ತವೆ.